ಪೆಟ್ಟಿಗೆಯಲ್ಲಿಲ್ಲದ ಆಕಾಶ: ವಿಮಾನ ಕಾಳಗದ ಬೋರ್ಡ್ ಗೇಮಿಗೆ ಕೋಲಾರದಿಂದ ಒಂದು ದಾರಿ

1944ರ ನವೆಂಬರ್ 8ರಂದು ಕೋಲಾರದ ವಿಮಾನ ನೆಲೆಯಲ್ಲಿ ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್ ಹುಟ್ಟಿತು. ಅಲ್ಲೇ ಲಿಬರೇಟರ್ ಬಾಂಬರ್ ಹಾರಿಸುವುದನ್ನು ಕಲಿಸುತ್ತಿದ್ದ 1673ನೇ ಹೆವಿ ಕನ್ವರ್ಷನ್ ಯೂನಿಟ್ಟಿನ ವಿಮಾನಗಳನ್ನೂ ಸಿಬ್ಬಂದಿಯನ್ನೂ ತೆಗೆದುಕೊಂಡು ಕಟ್ಟಿದ ದಳ ಅದು. ಹೆಸರಿಗೆ ಬಾಂಬರ್ ದಳ. ಬಾಂಬ್ ಹಾಕಲು ಹೋದದ್ದು ಮಾತ್ರ ಒಂದೇ ಸಲ, 1945ರ ಜನವರಿ 13ರಂದು. ಆಮೇಲೆ ಅದಕ್ಕೆ ಬೇರೆ ಕೆಲಸ ಹಚ್ಚಿದರು: ಬಂಗಾಳದ ನೆಲೆಗಳಿಂದ ಎದ್ದು, ಜಪಾನೀಯರ ಹಿಡಿತದಲ್ಲಿದ್ದ ನಾಡುಗಳ ಕಾಡಿನೊಳಗೆ ಗೂಢಚಾರರನ್ನೂ ಅವರಿಗೆ ಬೇಕಾದ ಸಾಮಾನನ್ನೂ ಪ್ಯಾರಾಶೂಟಿನಲ್ಲಿ ಇಳಿಸಿ ಬರುವುದು. 1945ರ ನವೆಂಬರಿನಲ್ಲಿ ದಳವನ್ನು ಮುಚ್ಚಿದರು. ಹುಟ್ಟಿನಿಂದ ಕೊನೆಯವರೆಗೆ ಒಂದು ವರ್ಷ.

ಬಂಗಾರಪೇಟೆಯಲ್ಲೋ ರಾಬರ್ಟ್‌ಸನ್‌ಪೇಟೆಯಲ್ಲೋ ಕೂತು ವಿಮಾನ ಕಾಳಗದ ಬೋರ್ಡ್ ಗೇಮ್ ಆಡುವವರ ಮುಂದೆ ಸಾಮಾನ್ಯವಾಗಿ ಹರಡಿಕೊಂಡಿರುವುದು ಫ್ರಾನ್ಸಿನ ಹೊಲಗಳು, ಇಲ್ಲವೇ ಇಂಗ್ಲೆಂಡಿನ ಕಡಲತೀರ. ಕೆಂಪು ಬಣ್ಣದ ಜರ್ಮನ್ ಟ್ರೈಪ್ಲೇನು, 1940ರ ಸ್ಪಿಟ್‌ಫೈರು. ಆಟಕ್ಕೇನೂ ಕೊರತೆಯಿಲ್ಲ. ಆದರೆ ಮನಸ್ಸು ಮಾಡಿದರೆ ಸೈಕಲ್ಲಿನಲ್ಲೇ ಹೋಗಿಬರಬಹುದಾದ ಊರಿನಿಂದ ನಾಲ್ಕು ಎಂಜಿನ್ನಿನ ವಿಮಾನಗಳು ಏಳುತ್ತಿದ್ದಾಗ ನಾವು ಡೋವರ್ ಬಂದರನ್ನೇ ಕಾಯುತ್ತಾ ಕೂರಬೇಕೆ? ಕೈಯಲ್ಲಿರುವ ಪೆಟ್ಟಿಗೆಯನ್ನೇ ಇಟ್ಟುಕೊಂಡು, ಹೆಚ್ಚು ಖರ್ಚಿಲ್ಲದೆ, ಬರ್ಮಾ, ಸರ್ಗೋಧಾ, ಬೋಯ್ರಾದಂಥ ಕಡೆಗೆ ಆಟವನ್ನು ತಿರುಗಿಸಿಕೊಳ್ಳುವುದು ಹೇಗೆಂದು ಇಲ್ಲಿ ಹೇಳುತ್ತೇನೆ.

ಮಾದರಿಗೆ ಹಿಡಿದುಕೊಂಡಿರುವುದು ಇಟಲಿಯ ಆಂಡ್ರಿಯಾ ಆಂಜಿಯೊಲಿನೊ ಮತ್ತು ಪಿಯರ್ ಜಾರ್ಜಿಯೊ ಪಾಲಿಯಾ ರೂಪಿಸಿದ ಆಟ. 2004ರಲ್ಲಿ ‘ವಿಂಗ್ಸ್ ಆಫ್ ವಾರ್’ ಎಂದು ಬಂದದ್ದು ಈಗ ‘ವಿಂಗ್ಸ್ ಆಫ್ ಗ್ಲೋರಿ’ ಎಂಬ ಹೆಸರಿನಲ್ಲಿದೆ. ಚೌಕಗಳಿಲ್ಲ, ಬರಿಯ ಮೇಜು. ಪ್ರತಿ ವಿಮಾನಕ್ಕೂ ತನ್ನದೇ ಚಲನೆಯ ಕಾರ್ಡುಗಳ ಕಟ್ಟು. ಕಾರ್ಡಿನ ಮೇಲಿನ ಬಾಣ ಎತ್ತ ತಿರುಗಿದೆಯೋ ಅತ್ತ ವಿಮಾನ. ಎಲ್ಲರೂ ಗುಟ್ಟಾಗಿ ಕಾರ್ಡು ಆರಿಸಿ ಒಟ್ಟಿಗೆ ತೆರೆಯುತ್ತಾರೆ. ಗುಂಡು ತಾಗಿತೋ ಇಲ್ಲವೋ ಎಂದು ಅಳತೆಪಟ್ಟಿ ಹೇಳುತ್ತದೆ, ಏಟು ಎಷ್ಟೆಂಬುದು ತಿಂದವನಿಗೆ ಮಾತ್ರ ಗೊತ್ತು. ಇಷ್ಟು ಗೊತ್ತಿದ್ದರೆ ಸಾಕು. ನಿಮ್ಮ ಹತ್ತಿರ ಬೇರೆ ಆಟವಿದ್ದರೂ ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ಮೊದಲು ಭಯ ಹುಡುಕಿ, ಆಮೇಲೆ ವಿಮಾನ

ಹೊಸ ರಂಗ ಕಟ್ಟಲು ಹೊರಟವರೆಲ್ಲ ಮೊದಲು ಮಾಡುವುದು ವಿಮಾನದ ಅಂಕಿಅಂಶ ಹೆಕ್ಕುವುದು: ವೇಗ ಎಷ್ಟು, ಬಂದೂಕು ಎಷ್ಟು. ಅದರಿಂದ ಸಿಗುವುದು ಬಣ್ಣ ಬದಲಾಯಿಸಿದ ಹಳೆಯ ಆಟವೇ. ಬರ್ಮಾದ ಮೇಲೆ ಹಾರುವ ಹರಿಕೇನ್, ಕೆಂಟ್ ಕೌಂಟಿಯ ಹರಿಕೇನಿನಂತೆಯೇ ಸುತ್ತುತ್ತದೆ, ಗುಂಡು ಹೊಡೆಯುತ್ತದೆ, ಮುಗಿಯಿತು.

ನನ್ನ ಅಭಿಪ್ರಾಯ ಇಷ್ಟು: ಆ ರಂಗದಲ್ಲಿ ಹಾರಿದವನು ರಾತ್ರಿ ಯಾವುದನ್ನು ನೆನೆದು ನಿದ್ದೆಗೆಡುತ್ತಿದ್ದನೋ ಅದು ನಿಯಮವಾಗಬೇಕು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. 358ರವರಿಗೆ ಶತ್ರುವಿನ ಫೈಟರಿಗಿಂತ ದೊಡ್ಡ ಚಿಂತೆಗಳು ಮುಂಗಾರಿನ ಮೋಡ, ಮೋಡದೊಳಗೆ ಅಡಗಿದ ಬೆಟ್ಟ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು, ಕೆಳಗೆ ಕಾಣುವ ಬೆಂಕಿ ನಮ್ಮವರದೋ ಅಲ್ಲವೋ ಎಂಬುದು. ಕಾಳಗದ ಆಟದಲ್ಲಿ ಕಾಳಗವೇ ಇಲ್ಲದಿದ್ದರೆ ಹೇಗೆ ಎನ್ನಬೇಡಿ. ಒಮ್ಮೆ ಆಡಿ ನೋಡಿ.

ಮಾಹಿತಿಗೆ ಒಂದು ಉಪಾಯ. ಬ್ರಿಟಿಷ್ ವಾಯುಪಡೆಯ ಪ್ರತಿ ಸ್ಕ್ವಾಡ್ರನ್ನೂ ದಿನಚರಿ ಬರೆಯಬೇಕಿತ್ತು. 540ನೇ ನಮೂನೆಯಲ್ಲಿ ದಿನದ ಸಾರಾಂಶ, 541ರಲ್ಲಿ ಯಾವ ವಿಮಾನ, ಯಾರು ಯಾರು, ಎಷ್ಟು ಗಂಟೆಗೆ ಎದ್ದರು, ಎಷ್ಟಕ್ಕೆ ಇಳಿದರು, ಏನಾಯಿತು. ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಇವು ಏರ್ 27 ಎಂಬ ಸರಣಿಯಲ್ಲಿವೆ. ಆಟ ಕಟ್ಟುವವನಿಗೆ 541ಕ್ಕಿಂತ ಒಳ್ಳೆಯ ಓದಿಲ್ಲ. ‘ಗುರಿ ಸಿಗಲಿಲ್ಲ, ಸಾಮಾನು ವಾಪಸು ತಂದೆವು’ ಎಂಬರ್ಥದ ಒಂದು ಒಣ ಸಾಲಿನಲ್ಲಿ ಒಂದು ಇಡೀ ಸಂಜೆಯ ಆಟ ಇರುತ್ತದೆ.

ಲಿಬರೇಟರಿನ ರಾತ್ರಿ

ಕೋಲಾರದಲ್ಲಿ ಹುಟ್ಟಿದ ದಳ 1945ರಲ್ಲಿ ಜೆಸೋರಿನಿಂದ ಹಾರುತ್ತಿತ್ತು. ಅಲ್ಲಿಂದ ಬ್ಯಾಂಕಾಕಿನ ಸುತ್ತಮುತ್ತಲಿಗೆ ನೇರ ಗೆರೆ ಎಳೆದರೂ ಸುಮಾರು 1600 ಕಿಲೋಮೀಟರು. ಲಿಬರೇಟರ್ ಆರಾಮಾಗಿ ಹೋಗುವ ವೇಗ ಗಂಟೆಗೆ 345 ಕಿಲೋಮೀಟರಿನ ಹತ್ತಿರ. ಹೋಗಿಬರಲು ಒಂಬತ್ತು–ಹತ್ತು ಗಂಟೆ. ಇದನ್ನು ಒಂದೇ ಮೇಜಿನ ಮೇಲೆ ಅಳತೆಗೆ ಸರಿಯಾಗಿ ಹರಡಲು ಹೋದರೆ ಮಾರಿಕುಪ್ಪಂ ಪ್ಲಾಟ್‌ಫಾರಮ್ಮೂ ಸಾಲದು. ಆದ್ದರಿಂದ ಆಟವನ್ನು ಎರಡಾಗಿ ಸೀಳಿ: ಹಾದಿ ಒಂದು, ಬಯಲು ಒಂದು.

ಹಾದಿ ಎಂದರೆ ಒಂದು ಉದ್ದ ಪಟ್ಟಿ. 16 ಮನೆ, ಮನೆಗೆ 100 ಕಿಲೋಮೀಟರು. ಪೆಟ್ರೋಲಿಗೆ ಹುಣಸೆ ಬೀಜ. ಕೋಲಾರ ಜಿಲ್ಲೆಯಲ್ಲಿ ಅದಕ್ಕೆ ಬರವೇ? 40 ಬೀಜದಿಂದ ಶುರು. ಮನೆ ದಾಟಿದರೆ ಒಂದು ಬೀಜ, ಅಂದರೆ ಹೋಗಿಬರಲು 32. ಉಳಿಯುವುದು ಎಂಟು, ಇಡೀ ಆಟ ಇರುವುದು ಈ ಎಂಟರಲ್ಲಿ. ಪ್ರತಿ ಮನೆಯಲ್ಲೂ ಒಂದು ಹವಾಮಾನದ ಕಾರ್ಡು ತೆಗೆಯಿರಿ. ತಿಳಿ ಆಕಾಶವಿದ್ದರೆ ಮುಂದಕ್ಕೆ. ಗುಡುಗುಮೋಡ ಬಂದರೆ ಆಟಗಾರ ಆರಿಸಬೇಕು: ಸುತ್ತಿ ಹೋಗಲು ಎರಡು ಬೀಜ ಕೊಡುವುದೋ, ನುಗ್ಗಿ ಒಂದು ಏಟಿನ ಕಾರ್ಡು ತಿನ್ನುವುದೋ. 8ರಿಂದ 12ನೇ ಮನೆಯವರೆಗೆ ಬೆಟ್ಟಸಾಲು. ಅಲ್ಲಿ ಮೋಡಕ್ಕೆ ನುಗ್ಗುವವನು ಒಂದಕ್ಕೆ ಬದಲು ಎರಡು ಕಾರ್ಡು ತೆಗೆಯಬೇಕು. ಕಟ್ಟಿನಲ್ಲಿ ತಿಳಿ ಆಕಾಶ ಅರ್ಧದಷ್ಟಿರಲಿ. ಮೇ ತಿಂಗಳ ನಂತರದ ಹಾರಾಟವಾದರೆ ಮೂರನೇ ಒಂದು ಭಾಗ ಸಾಕು.

ಬಯಲು ಎಂದರೆ ನಿಮ್ಮ ಎಂದಿನ ಮೇಜು. ಅದರ ಮೇಲೆ ಆರು ಬಿಲ್ಲೆಗಳನ್ನು ಮಗುಚಿ ಇಡಿ. ಒಂದರ ಕೆಳಗೆ ಸರಿಯಾದ ಗುರುತಿನ ಬೆಂಕಿ, ಒಪ್ಪಿಕೊಂಡ ಆಕಾರದಲ್ಲಿ ಹಚ್ಚಿದ್ದು. ಉಳಿದವುಗಳ ಕೆಳಗೆ ಹಳ್ಳಿಯ ಒಲೆ, ಕಾಡ್ಗಿಚ್ಚು, ಮಂಜು, ಜಪಾನೀ ಗಸ್ತಿನವರು ಹಚ್ಚಿದ ಮೋಸದ ಬೆಂಕಿ, ಮತ್ತೊಂದು ಖಾಲಿ. ಲಿಬರೇಟರ್ ಕೆಳಗಿನ ಎತ್ತರಕ್ಕೆ ಇಳಿದು ಒಂದು ಅಳತೆಪಟ್ಟಿಯಷ್ಟು ಹತ್ತಿರ ಬಂದರೆ ಮಾತ್ರ ಬಿಲ್ಲೆ ತೆರೆಯಬಹುದು. ಸಾಮಾನು ಇಳಿಸಲು ಆ ಬೆಂಕಿಯ ಮೇಲೆ ಎರಡು ನೇರ ಕಾರ್ಡು ಬೆನ್ನು ಬೆನ್ನಿಗೆ ಆಡಬೇಕು, ಎರಡೂ ನಿಧಾನದ್ದು. ಪ್ರತಿ ಮೂರು ಸುತ್ತಿಗೆ ಒಂದು ಬೀಜ ಹೋಗುತ್ತದೆ.

ಎರಡನೇ ಆಟಗಾರ ವಿಮಾನ ಹಾರಿಸುವುದಿಲ್ಲ. ಅವನು ನೆಲದ ಮೇಲೆ ಕಾಯುತ್ತಿರುವವನು. ಬೆಂಕಿ ಹಚ್ಚುವುದು, ಆರಿಸುವುದು ಅವನ ಕೈಲಿ. ಹಚ್ಚಿದ ಪ್ರತಿ ಸುತ್ತಿಗೂ ಮೂರನೇ ಆಟಗಾರನ ಗಸ್ತು ಒಂದು ಹೆಜ್ಜೆ ಹತ್ತಿರ ಬರುತ್ತದೆ. ಪೈಲಟ್ಟಿಗೂ ನೆಲದವನಿಗೂ ಮಾತಿಲ್ಲ, ಸನ್ನೆಯಿಲ್ಲ, ಕಣ್ಣು ಹೊಡೆಯುವಂತೆಯೂ ಇಲ್ಲ. ಇಬ್ಬರೂ ಒಂದೇ ಕಡೆಯವರು, ಆದರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ಗಸ್ತಿನವನಿಗೆ ಬೇಸರವಾಗದಿರಲೆಂದು ಒಂದು ಜಪಾನೀ ಹಯಾಬುಸಾ ಫೈಟರನ್ನು ಕೊಡಿ, ಆದರೆ ಅದು ಬರಬೇಕಾದರೆ ದಾಳದಲ್ಲಿ ಆರು ಬೀಳಬೇಕು.

ಅಂಕ ಹೀಗೆ: ಸಾಮಾನು ಸರಿಯಾದ ಕಡೆ ಬಿದ್ದು ವಿಮಾನ ಮರಳಿದರೆ ಪೂರ್ತಿ. ಸಾಮಾನನ್ನು ವಾಪಸು ತಂದರೆ ಅರ್ಧ. ಮೋಸದ ಬೆಂಕಿಗೆ ಸುರಿದು ಬಂದರೆ ಸೊನ್ನೆಗಿಂತ ಕೆಳಗೆ. ಈ ‘ಅರ್ಧ’ವನ್ನು ಯಾರೂ ಕಿತ್ತುಹಾಕಬೇಡಿ. ಏನೂ ಮಾಡದೆ ಮರಳುವುದು ತೀರ್ಮಾನವೇ ಎಂದು ಆಟ ಒಪ್ಪದಿದ್ದರೆ ಪೈಲಟ್ಟುಗಳೆಲ್ಲ ಹುಚ್ಚು ಧೈರ್ಯಕ್ಕೆ ಬೀಳುತ್ತಾರೆ.

ಹೊಸಬರಿದ್ದರೆ ನೇರವಾಗಿ ಬ್ಯಾಂಕಾಕಿಗೆ ಕಳಿಸಬೇಡಿ. ಕೋಲಾರದ ದಳ ತರಬೇತಿಯಿಂದ ಹುಟ್ಟಿದ್ದಲ್ಲವೇ, ನಮ್ಮ ತಾಲ್ಲೂಕಿನ ನಕ್ಷೆಯ ಮೇಲೇ ಒಂದು ತರಬೇತಿ ಹಾರಾಟ ಇಡಿ. ಮೇಜಿನ ಒಂದು ಮೂಲೆಗೆ ಕೋಲಾರ, ನಡುವೆ ಬಂಗಾರಪೇಟೆ ಜಂಕ್ಷನ್ (ಆಗಿನ ಬೌರಿಂಗ್‌ಪೇಟೆ), ಆಚೆಗೆ ಗಣಿಗಳ ಗೋಪುರಗಳು, ಬಿಳಿಚು ಸೈನೈಡ್ ದಿಬ್ಬಗಳು, ಕೊನೆಗೆ ಬೇತಮಂಗಲದ ಕೆರೆ. ಕೆರೆ ಸುತ್ತಿ, ದಿಬ್ಬದ ಮೇಲೆ ಹಾದು, ಜಂಕ್ಷನ್ನಿನ ಮೇಲೆ ನೇರವಾಗಿ ಬಂದು ಕೋಲಾರಕ್ಕೆ ಇಳಿಯಬೇಕು. ಶತ್ರುವಿಲ್ಲ. ಇದು ಆಟಕ್ಕಾಗಿ ಹೆಣೆದ ದಾರಿ, ಚರಿತ್ರೆಯೆಂದು ಹೇಳಿಕೊಳ್ಳಬೇಡಿ. ಆದರೆ ಲಿಬರೇಟರಿನ ಗಾತ್ರ ಇಲ್ಲಿ ಮನಸ್ಸಿಗೆ ಇಳಿಯುತ್ತದೆ. 1894ರಲ್ಲಿ ಗಣಿಗೆಂದೇ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ರೈಲುದಾರಿ ಸುಮಾರು 16 ಕಿಲೋಮೀಟರು. ಲಿಬರೇಟರ್ ಅದನ್ನು ಮೂರು ನಿಮಿಷದೊಳಗೆ ದಾಟುತ್ತದೆ, ತಿರುಗಲು ಮಾತ್ರ ಅರ್ಧ ತಾಲ್ಲೂಕು ಬೇಕು. ಕಾರ್ಡಿನ ಕಟ್ಟು ಹಾಗೇ ಇರಲಿ: ನೇರ ನಾಲ್ಕು, ಎಡಕ್ಕೆ ಎರಡು ಸಣ್ಣ ತಿರುವು, ಬಲಕ್ಕೆ ಎರಡು. ಚೂಪು ತಿರುವು ಒಂದೂ ಬೇಡ.

ಮೇಜಿಲ್ಲದೆಯೂ ಲಿಬರೇಟರಿನ ರಾತ್ರಿಯನ್ನು ಆಡಬಹುದು. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ರೈಲಿನಲ್ಲಿ ಇಸ್ಪೀಟು ಹಾಕುವ ಗುಂಪುಗಳಿಗೆ ಹಾದಿಯ ಪಟ್ಟಿಯೊಂದೇ ಸಾಕು. ಪರೀಕ್ಷೆ ಬರೆಯುವ ಪ್ಯಾಡಿಗೆ ಕ್ಲಿಪ್ ಹಾಕಿ, ಬೀಜದ ಬದಲು ಪೆನ್ಸಿಲ್ಲಿನಲ್ಲಿ ಗೀಟು ಹೊಡೆಯುತ್ತಾ ಹೋಗಿ. ಬಯಲಿನ ಆಟಕ್ಕೆ ಆರು ಮಡಿಚಿದ ಚೀಟಿ. ಬಂಗಾರಪೇಟೆಯಲ್ಲಿ ಎದ್ದವನು ವೈಟ್‌ಫೀಲ್ಡಿಗೆ ಮುಂಚೆ ಬ್ಯಾಂಕಾಕ್ ಮುಟ್ಟಿರುತ್ತಾನೆ. ನಿಂತೇ ಹೋಗಬೇಕಾದ ದಿನ ಮಾತ್ರ ಕಷ್ಟ.

ಬರ್ಮಾದ ಇನ್ನೆರಡು ಆಟ

1942ರ ಫೆಬ್ರವರಿಯಲ್ಲಿ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಬರ್ಮಾದ ಟೌಂಗೂವಿನಲ್ಲಿತ್ತು. ಕೈಯಲ್ಲಿದ್ದದ್ದು ಲೈಸಾಂಡರ್. ಸೈನ್ಯಕ್ಕೆ ಸುದ್ದಿ ತಂದುಕೊಡಲು ಮಾಡಿದ, ಗಂಟೆಗೆ 340 ಕಿಲೋಮೀಟರಿನ ನಿಧಾನದ ವಿಮಾನ. ಜಪಾನೀಯರು ನೆಲೆಯ ಮೇಲೆ ಬಾಂಬ್ ಹಾಕಿದಾಗ ಸ್ಕ್ವಾಡ್ರನ್ ಲೀಡರ್ ಕೆ.ಕೆ. ಮಜುಮ್ದಾರ್ ಆ ಲೈಸಾಂಡರಿಗೇ ಬಾಂಬ್ ಕಟ್ಟಿಕೊಂಡು ಗಡಿಯಾಚೆ ಥಾಯ್ಲೆಂಡಿನ ಜಪಾನೀ ನೆಲೆಗೆ ಹೋಗಿ ಹಾಕಿಬಂದರು. ಬಾಂಬರೇ ಅಲ್ಲದ ವಿಮಾನದಿಂದ ಬಾಂಬ್ ದಾಳಿ.

ಇದನ್ನು ಮೇಜಿಗೆ ತರುವಾಗ ಲೈಸಾಂಡರಿಗೆ ಮರುಕ ತೋರಿಸಿ ಹೆಚ್ಚು ಏಟು ತಾಳುವ ಶಕ್ತಿ ಕೊಡಬೇಡಿ. ಅದಕ್ಕಿದ್ದ ಅಸಲು ಗುಣ ಕೊಡಿ: ತೀರಾ ನಿಧಾನವಾಗಿ, ತೀರಾ ಸಣ್ಣ ಜಾಗದಲ್ಲಿ ತಿರುಗುವುದು. ಚಿಕ್ಕ ಬಾಣದ ನೇರ ಕಾರ್ಡು ಮೂರು, ಎಡಬಲಕ್ಕೆ ಮೂರು ಮೂರು ಚೂಪು ತಿರುವು, ಅದೂ 60 ಡಿಗ್ರಿಯದು. ಮೇಜಿನ ತುಂಬ ಬೆಟ್ಟ ಇಡಿ, ನಡುವೆ ಕಣಿವೆ. ಕಣಿವೆಯೊಳಗಿನ ಲೈಸಾಂಡರನ್ನು ಹಿಂದಿನಿಂದ ಬಿಟ್ಟು ಬೇರೆಲ್ಲಿಂದಲೂ ಹೊಡೆಯುವಂತಿಲ್ಲ. ಬೆನ್ನಟ್ಟುವ ವೇಗದ ಫೈಟರ್ ಅದನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಆಟ ಅಷ್ಟೇ, ಆದರೆ ಎಂದಿನದಕ್ಕೆ ಪೂರ್ತಿ ತಲೆಕೆಳಗು.

ಎರಡನೆಯದು 1944ರ ಇಂಫಾಲ್. ಅದೇ ಸ್ಕ್ವಾಡ್ರನ್, ಈಗ ಹರಿಕೇನ್, ಮುಖ್ಯಸ್ಥ ಅರ್ಜನ್ ಸಿಂಗ್. ಇವರದು ಕಾಡಿನೊಳಗೆ ಜಪಾನೀ ಸೈನ್ಯ ಎಲ್ಲಿದೆಯೆಂದು ನೋಡಿ ಬರುವ ಕೆಲಸ. ಜೋಡಿಯಾಗಿ ಹೋಗುತ್ತಿದ್ದರು: ಮುಂದಿನವನು ನೆಲ ನೋಡುವವನು, ಹಿಂದಿನವನು ಅತ್ತಿತ್ತ ಹಾವಾಡುತ್ತಾ ಆಕಾಶ ಕಾಯುವವನು. ಇಲ್ಲಿ ನಿಯಮ ತಾನಾಗಿ ಬರೆದುಕೊಳ್ಳುತ್ತದೆ. ಮುಂದಿನವನ ಕಣ್ಣಿಗೆ ಮೇಜಿನ ನೆಲದ ಬಿಲ್ಲೆಗಳು ಮಾತ್ರ ಬೀಳಬೇಕು. ಹಣೆಗೆ ಅಡ್ಡ ಒಂದು ರಟ್ಟು ಕಟ್ಟಿದರೂ ಆಯಿತು, ಇಲ್ಲವೇ ಶತ್ರುವಿನ ವಿಮಾನಗಳನ್ನು ಅವನು ತಿರುಗಿ ಕೂತಾಗ ಸರಿಸಿ. ಹಿಂದಿನವನು ಸುತ್ತಿಗೆ ಒಂದೇ ಶಬ್ದ ಹೇಳಬಹುದು: ‘ಎಡ’, ‘ಬಲ’, ‘ಮೇಲೆ’, ‘ಓಡು’. ಕೊನೆಗೆ ಮುಂದಿನವನು ತಾನು ಕಂಡದ್ದನ್ನು ಚೀಟಿಯಲ್ಲಿ ನೆನಪಿನಿಂದ ಬರೆಯಬೇಕು. ಸರಿಯಾಗಿ ಬರೆದದ್ದಕ್ಕಷ್ಟೇ ಅಂಕ, ಉರುಳಿಸಿದ ವಿಮಾನಕ್ಕಿಲ್ಲ. ನಾನು ಆಡಿದವುಗಳಲ್ಲೆಲ್ಲ ಜನ ಅತಿ ಹೆಚ್ಚು ನಕ್ಕದ್ದು ಈ ಆಟದಲ್ಲಿ, ಸೋತದ್ದೂ ಇದರಲ್ಲೇ.

ಜೆಟ್ಟುಗಳಿಗೆ ಬಂದರೆ

ಪ್ರೊಪೆಲ್ಲರ್ ವಿಮಾನಗಳ ಬಾಣದ ಉದ್ದಕ್ಕೆ ಒಂದು ಸರಳ ಲೆಕ್ಕವಿದೆ: ಗಂಟೆಯ ವೇಗವನ್ನು ನೂರರಿಂದ ಭಾಗಿಸಿ, ಬಂದದ್ದು ಸೆಂಟಿಮೀಟರು. ಲೈಸಾಂಡರಿಗೆ 3.4, ಹರಿಕೇನಿಗೆ ಸುಮಾರು ಐದೂವರೆ. ಜೆಟ್ಟುಗಳಿಗೂ ಇದನ್ನೇ ಹಚ್ಚಿದರೆ ಎರಡೇ ಸುತ್ತಿನಲ್ಲಿ ವಿಮಾನ ಮೇಜಿನಿಂದ ಆಚೆ, ಅಡುಗೆಮನೆಯಲ್ಲಿರುತ್ತದೆ. ಇನ್ನೂರರಿಂದ ಭಾಗಿಸಿ. ಸೇಬರ್, ನ್ಯಾಟ್, ಮಿಸ್ಟೇರ್ ಮೂರೂ ಐದೂವರೆಯ ಆಸುಪಾಸಿಗೆ ಬರುತ್ತವೆ. ಮೇಲೆ ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗುವ ಸ್ಟಾರ್‌ಫೈಟರಿಗೂ ನೆಲದ ಹತ್ತಿರ ಏಳು ಸಾಕು.

1965ರ ಸೆಪ್ಟೆಂಬರ್ 7ರ ಸರ್ಗೋಧಾ ದಾಳಿ ಕನ್ನಡದ ಓದುಗರಿಗೆ ಅಷ್ಟೇನೂ ಅಪರಿಚಿತವಲ್ಲ, ಕೊಡಗಿನವರಿಗಂತೂ ಅಲ್ಲವೇ ಅಲ್ಲ. 1ನೇ ಸ್ಕ್ವಾಡ್ರನ್ನಿನ ಹನ್ನೆರಡು ಮಿಸ್ಟೇರುಗಳು ಬೆಳಗಿನ ಕತ್ತಲಲ್ಲಿ ಆದಂಪುರದಿಂದ ಹೊರಡಬೇಕಿತ್ತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ, ಯಾರಾದರೂ ತಪ್ಪಿದರೆ ಹೋಗಲೆಂದು ಕಾಯುತ್ತಿದ್ದರು. ತೆರವಾದ ಜಾಗಕ್ಕೆ ಸೇರಿಕೊಂಡರು. ಮರಳುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಅವರ ಮೇಲೆ ಬಿತ್ತು. ಏಟು ತಿಂದ ಮಿಸ್ಟೇರ್ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನೇ ಉರುಳಿಸಿತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿದರು, ದೇವಯ್ಯ ಮರಳಲಿಲ್ಲ. ಏನಾಯಿತೆಂಬುದು ಭಾರತಕ್ಕೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಸ್ಟಾರ್‌ಫೈಟರಿನ ರೆಕ್ಕೆಯ ವಿಸ್ತೀರ್ಣ ಸುಮಾರು 18 ಚದರ ಮೀಟರು, ಮಿಸ್ಟೇರಿನದು 32. ತೂಕದಲ್ಲಿ ಸ್ಟಾರ್‌ಫೈಟರೇ ಹೆಚ್ಚು. ಅಷ್ಟು ಭಾರವನ್ನು ಅಷ್ಟು ಚಿಕ್ಕ ರೆಕ್ಕೆಯ ಮೇಲೆ ಹೊತ್ತುಕೊಂಡು ತಿರುಗಲಾಗುವುದಿಲ್ಲ. ಆದ್ದರಿಂದ ಅದರ ಕಟ್ಟಿನಲ್ಲಿ ಉದ್ದುದ್ದ ಬಾಣ, ಎಡಬಲಕ್ಕೆ ಒಂದೊಂದೇ ಸಣ್ಣ ತಿರುವು. ನೇರ ಹೋಗಿ, ದೂರ ಸರಿದು, ಮತ್ತೆ ಬರುವುದು ಅದರ ಆಟ. ತಿರುಗಾಟಕ್ಕೆ ಇಳಿದರೆ ಕೆಟ್ಟಿತು. ಶಾಖ ಹುಡುಕಿ ಹೋಗುವ ಅದರ ಕ್ಷಿಪಣಿ ನೆಲಕ್ಕೆ ಹತ್ತಿರದ ಎತ್ತರದಲ್ಲಿ ನೆಚ್ಚಿಕೆಯದಲ್ಲ, ದಾಳದಲ್ಲಿ ಆರು ಬಿದ್ದರಷ್ಟೇ ತಾಗಲಿ. ಆದಂಪುರದಿಂದ ಸರ್ಗೋಧಾ 300 ಕಿಲೋಮೀಟರಿನಷ್ಟು. ಕೆಳಮಟ್ಟದಲ್ಲಿ ಹಾರುವ ಮಿಸ್ಟೇರಿಗೆ ಅದು ಎಟುಕಿನ ಅಂಚು, ಆದ್ದರಿಂದ ಇಲ್ಲಿಯೂ ಹುಣಸೆ ಬೀಜ ಕೊಡಿ, ಹತ್ತಕ್ಕಿಂತ ಹೆಚ್ಚು ಬೇಡ.

ಮುಖ್ಯ ನಿಯಮ ಇನ್ನೊಂದು. ಏಟಿನ ಲೆಕ್ಕ ತುಂಬಿದ ಕೂಡಲೇ ವಿಮಾನವನ್ನು ಮೇಜಿನಿಂದ ತೆಗೆಯುವುದು ಆಟದ ರೂಢಿ. ಸರ್ಗೋಧಾದ ಆಟದಲ್ಲಿ ಅದನ್ನು ಕೈಬಿಡಿ. ಲೆಕ್ಕ ತುಂಬಿದವನು ಯಾರಿಗೂ ಹೇಳದೆ ಇನ್ನೂ ಎರಡು ಸುತ್ತು ಆಡಲಿ. ಎದುರಾಳಿ ‘ಇವನ ಕಥೆ ಮುಗಿಯಿತು’ ಎಂದು ಬೇರೆ ಕಡೆ ತಿರುಗುತ್ತಾನೋ ಇಲ್ಲವೋ ನೋಡಿ. ಈ ಆಟದಲ್ಲಿ ಏಟು ಮೊದಲಿಂದಲೂ ಗುಟ್ಟು, ನಾವು ಮಾಡುವುದು ಆ ಗುಟ್ಟನ್ನು ಇನ್ನೆರಡು ಹೆಜ್ಜೆ ಎಳೆಯುವುದಷ್ಟೇ. ಮತ್ತು ಒಂದು ವಿನಂತಿ: ಸತ್ತವರ ಹೆಸರನ್ನು ಆಟದ ಕಾರ್ಡಿನ ಮೇಲೆ ಬರೆಯಬೇಡಿ. ‘ಮಿಸ್ಟೇರ್, ಹನ್ನೆರಡನೆಯದು’ ಎಂದು ಬರೆದರೆ ಸಾಕು. ಯಾರೋ ಹುಡುಗ ದಾಳ ಉರುಳಿಸಿ ಆ ಹೆಸರನ್ನು ಸಾಯಿಸಿ ಕೇಕೆ ಹಾಕುವುದು ನನಗೆ ಸರಿಕಾಣುವುದಿಲ್ಲ.

ಬೋಯ್ರಾ ಇದಕ್ಕಿಂತ ಹಗುರ. 1971ರ ನವೆಂಬರ್ 22, ಯುದ್ಧ ಇನ್ನೂ ಘೋಷಣೆಯಾಗಿರಲಿಲ್ಲ. ದಮ್‌ದಮ್‌ನಿಂದ ಎದ್ದ 22ನೇ ಸ್ಕ್ವಾಡ್ರನ್ನಿನ ನಾಲ್ಕು ನ್ಯಾಟುಗಳು ಪಾಕಿಸ್ತಾನದ ಸೇಬರುಗಳ ಮೇಲೆ ಬಿದ್ದವು. ಮ್ಯಾಸಿ, ಗಣಪತಿ, ಲಾಜರಸ್, ಸೋರೆಸ್ ಪೈಲಟ್ಟುಗಳು. ಇಬ್ಬರು ಪಾಕಿಸ್ತಾನಿ ಪೈಲಟ್ಟುಗಳು ಸೆರೆಸಿಕ್ಕರು. ಅವರಲ್ಲೊಬ್ಬರಾದ ಪರ್ವೇಜ್ ಮೆಹದಿ ಕುರೇಶಿ ಮುಂದೆ ಅವರ ವಾಯುಪಡೆಯ ಮುಖ್ಯಸ್ಥರಾದರು. ಬೋಯ್ರಾ ಇರುವುದು ಜೆಸೋರ್ ಗಡಿಯಲ್ಲಿ. ನಮ್ಮ ಲಿಬರೇಟರುಗಳು ಏಳುತ್ತಿದ್ದ ಅದೇ ಜೆಸೋರ್.

ಆ ದಿನ ಇದಕ್ಕೆ ಮುಂಚೆಯೂ ನ್ಯಾಟುಗಳು ಎದ್ದಿದ್ದವು, ಸಿಗುವಷ್ಟರಲ್ಲಿ ಸೇಬರುಗಳು ಹೋಗಿಬಿಟ್ಟಿದ್ದವು. ಹಾಗಾಗಿ ಸೇಬರಿನವನಿಗೆ ಅಂಕ ನೆಲದ ಗುರಿಯ ಮೇಲಿನ ಪ್ರತಿ ಎರಗಾಟಕ್ಕೆ. ಯಾವಾಗ ಬಿಟ್ಟು ಹೋಗಬೇಕೆಂಬುದು ಅವನ ಆಸೆಗೆ ಬಿಟ್ಟದ್ದು. ನ್ಯಾಟಿನವನು ಯಾವ ಸುತ್ತಿನಲ್ಲಿ ಮೇಜಿಗೆ ಬರುತ್ತಾನೆಂಬುದು ಮಗುಚಿಟ್ಟ ಕಾರ್ಡಿನಲ್ಲಿರಲಿ. ಬೆಂಗಳೂರಿನ ಎಚ್‌ಎಎಲ್ ತಯಾರಿಸುತ್ತಿದ್ದ ನ್ಯಾಟಿನ ರೆಕ್ಕೆ ತುದಿಯಿಂದ ತುದಿಗೆ ಏಳು ಮೀಟರೂ ಇಲ್ಲ, ಸೇಬರಿನದು ಹನ್ನೊಂದಕ್ಕೂ ಹೆಚ್ಚು. ದೂರದಿಂದ ಹೊಡೆದರೆ ನ್ಯಾಟಿಗೆ ತಾಗುವುದೇ ಇಲ್ಲ ಎಂದಿಡಿ. ಬದಲಿಗೆ ಅದರ ಫಿರಂಗಿಗಳು ಜಾಮ್ ಆಗುವ ಚಾಳಿಯವು. ಮೊದಲ ಮಹಾಯುದ್ಧದ ಪೆಟ್ಟಿಗೆಯಲ್ಲಿ ಬಂದೂಕು ಕಚ್ಚಿಕೊಳ್ಳುವ ನಿಯಮ ಸಿದ್ಧವಾಗಿದೆ, 1917ರ ಆ ನಿಯಮವನ್ನು ಹಾಗೇ ಎತ್ತಿ 1971ರ ಜೆಟ್ಟಿಗೆ ಹಾಕಿ. ಚೆನ್ನಾಗಿ ಕೂರುತ್ತದೆ.

ನಮ್ಮದೇ ಮಾರುತ್ ಬೇಕೆನ್ನುವವರಿಗೆ ಎರಡು ಮಾತು. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಅದರ ವಿನ್ಯಾಸಕಾರ ಕುರ್ಟ್ ಟ್ಯಾಂಕ್, ನಿಮ್ಮ ಎರಡನೇ ಮಹಾಯುದ್ಧದ ಪೆಟ್ಟಿಗೆಯಲ್ಲಿರುವ ಜರ್ಮನ್ ಫೋಕ್-ವುಲ್ಫ್ 190ರ ವಿನ್ಯಾಸಕಾರನೇ. 1971ರಲ್ಲಿ ಮಾರುತ್ ರಾಜಸ್ಥಾನದ ಮರಳಿನ ಮೇಲೆ ನೆಲದ ದಾಳಿ ಮಾಡಿತು. ಎಂಜಿನ್ ಎರಡು, ಎಂಜಿನ್ ಕೆಟ್ಟ ಕಾರ್ಡು ಬಂದರೆ ಉದ್ದ ಬಾಣಗಳನ್ನು ಕಟ್ಟಿನಿಂದ ತೆಗೆದು ಆಟ ಮುಂದುವರಿಸಿ. ವಿಮಾನ ಬೀಳುವುದಿಲ್ಲ.

ಮೊದಲ ಮಹಾಯುದ್ಧದ ಪೆಟ್ಟಿಗೆ ಮಾತ್ರ ಇರುವವರಿಗೂ ನಮ್ಮ ಕಡಲಿದೆ. 1917ರಲ್ಲಿ ಜರ್ಮನಿಯ ‘ವೋಲ್ಫ್’ ಹಡಗು ಕೊಲಂಬೊ, ಮುಂಬಯಿ ಬಳಿ ಸಮುದ್ರದಲ್ಲಿ ಸಿಡಿಗುಂಡು ಇಟ್ಟು ಹೋಯಿತು. ಅದರ ಡೆಕ್ಕಿನ ಮೇಲೆ ‘ವೋಲ್ಫ್‌ಶೆನ್’, ಅಂದರೆ ತೋಳದ ಮರಿ, ಎಂಬ ಪುಟ್ಟ ನೀರುವಿಮಾನ. ‘ವೋಲ್ಫ್’ ಹಡಗನ್ನು ಹುಡುಕಲು ಬ್ರಿಟಿಷರ ನೀರುವಿಮಾನದ ಹಡಗು ‘ರೇವನ್ 2’ ಹಿಂದೂ ಮಹಾಸಾಗರಕ್ಕೆ ಬಂತು. ಇದು ಪೂರ್ತಿ ಹುಡುಕಾಟದ ಆಟ: ಎರಡು ನಕ್ಷೆ, ನಡುವೆ ಒಂದು ಅಡ್ಡ ರಟ್ಟು, ಅಲೆ ಎದ್ದಿದ್ದರೆ ನೀರಿಗೆ ಇಳಿಯುವಂತಿಲ್ಲ.

ಸಾಮಾನು, ಸರಂಜಾಮು

ಕಾರ್ಡಿಗೆ ಹಳೆಯ ಮದುವೆ ಪತ್ರಿಕೆಗಳಿಗಿಂತ ಒಳ್ಳೆಯ ರಟ್ಟು ಸಿಗದು. ಒಳಗಿನ ಖಾಲಿ ಬದಿಗೆ ಬಾಣ ಬರೆದು, ಮೇಲೆ ಅಂಟುಹಾಳೆ ಎಳೆಯಿರಿ. ಹಿಂಬದಿಯ ಗಣಪತಿಯ ಚಿತ್ರ ಎಲ್ಲ ಕಾರ್ಡಿಗೂ ಒಂದೇ ತೆರನಾಗಿರಬೇಕು, ಇಲ್ಲದಿದ್ದರೆ ಎದುರಿನವನು ಬೆನ್ನು ನೋಡಿಯೇ ಕಾರ್ಡು ಹೇಳುತ್ತಾನೆ. ಒಂದೇ ಮದುವೆಯ ಪತ್ರಿಕೆಗಳೇ ಬೇಕು ಎಂದರ್ಥ. ನಕ್ಷೆಗೆ ಹಳೆಯ ಫ್ಲೆಕ್ಸಿನ ಹಿಂಬದಿ. ಚುನಾವಣೆ ಮುಗಿದ ವಾರ ಬೇಕಾದಷ್ಟು ಸಿಗುತ್ತದೆ, ಮೂರು ಅಡಿಗೆ ನಾಲ್ಕಡಿ ಕತ್ತರಿಸಿ ಕಾಡು, ನದಿ, ಬೆಟ್ಟಕ್ಕೆ ಮಾರ್ಕರ್ ಹಿಡಿಯಿರಿ. ಎತ್ತರ ತೋರಿಸಲು ಸೈಕಲ್ ಕಡ್ಡಿಯ ತುಂಡುಗಳನ್ನು ಸೋಡಾ ಬಾಟಲಿಯ ಮುಚ್ಚಳಕ್ಕೆ ಎಂ-ಸೀಲಿನಲ್ಲಿ ನಿಲ್ಲಿಸಿ. ಗಣಿಯ ವರ್ಕ್‌ಶಾಪು, ಬೆಮೆಲ್ ಎಂದು ಬದುಕಿದ ಊರು ಕೆಜಿಎಫ್; ಬೀದಿಗೊಬ್ಬ ನಿವೃತ್ತ ಫಿಟ್ಟರ್ ಇದ್ದೇ ಇರುತ್ತಾರೆ. ‘ಅಣ್ಣಾ, ಇದಕ್ಕೊಂದು ಸ್ಟ್ಯಾಂಡು’ ಎಂದು ಕೇಳಿದರೆ ನೀವು ಅಂದುಕೊಂಡದ್ದಕ್ಕಿಂತ ಹತ್ತು ಪಟ್ಟು ಗಟ್ಟಿಯಾದದ್ದನ್ನು ಮಾಡಿಕೊಡುತ್ತಾರೆ, ಜೊತೆಗೆ ನಿಮ್ಮ ಅಳತೆ ಎಲ್ಲಿ ತಪ್ಪಿದೆಯೆಂದೂ ಹೇಳುತ್ತಾರೆ.

ವಿಮಾನಗಳನ್ನು 200ರಲ್ಲಿ ಒಂದು ಪಾಲಿನ ಅಳತೆಗೆ ಕತ್ತರಿಸಿದರೆ ಎರಡನೇ ಮಹಾಯುದ್ಧದ ಪೆಟ್ಟಿಗೆಯ ವಿಮಾನಗಳ ಜೊತೆ ಹೊಂದುತ್ತದೆ. ಲಿಬರೇಟರಿನ ರೆಕ್ಕೆ ತುದಿಯಿಂದ ತುದಿಗೆ 33.5 ಮೀಟರು, ಮೇಜಿನ ಮೇಲೆ ಹದಿನೇಳು ಸೆಂಟಿಮೀಟರಿಗೆ ಚೂರು ಕಡಿಮೆ. ಹರಿಕೇನ್ ಆರು. ನ್ಯಾಟ್ ಮೂರೂಕಾಲಿಗೆ ತುಸು ಹೆಚ್ಚು, ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗುತ್ತದೆ.

ಕಾರ್ಡುಗಳ ಮೇಲೆ ಮಾತು ಬರೆಯದೆ ಚಿಹ್ನೆ ಬರೆಯಿರಿ. ನಮ್ಮ ಕಡೆಯ ಮೇಜಿನ ಸುತ್ತ ತಮಿಳು, ಕನ್ನಡ, ತೆಲುಗು, ಇಂಗ್ಲಿಷು ನಾಲ್ಕೂ ಕೂತಿರುತ್ತವೆ. ಬೆಂಕಿಗೆ ಜ್ವಾಲೆ, ಪೆಟ್ರೋಲಿಗೆ ಹನಿ, ಜಾಮಿಗೆ ಒಂದು ಗುಣಾಕಾರ ಗುರುತು. ಜಗಳಕ್ಕೆ ಮಾತ್ರ ಭಾಷೆ ಸಾಕು. ಮತ್ತೆ, ಪಾನಿಪೂರಿ ತಟ್ಟೆಯನ್ನು ಮೇಜಿನಿಂದ ದೂರವಿಡಿ. ಬಂಗಾರಪೇಟೆಯ ಪಾನಿ ನೋಡಲು ತಿಳಿನೀರಿನಂತಿರುತ್ತದೆ, ಚೆಲ್ಲಿದ್ದು ಕಾಣುವುದಿಲ್ಲ, ಕಾರ್ಡು ಊದಿಕೊಂಡ ಮೇಲೇ ಗೊತ್ತಾಗುವುದು.

ಹೊಸ ರಂಗವನ್ನು ಮೊದಲ ಸಲ ಆಡಿದಾಗ ಒಂದು ಕಡೆಯವರು ಹೀನಾಯವಾಗಿ ಸೋಲುತ್ತಾರೆ. ಆಗ ಲೈಸಾಂಡರಿಗೆ ಇನ್ನೊಂದು ಬಂದೂಕು, ಹಯಾಬುಸಾಕ್ಕೆ ಸ್ವಲ್ಪ ಕಡಿಮೆ ವೇಗ ಎಂದು ತಿದ್ದುವ ಚಪಲ ಹುಟ್ಟುತ್ತದೆ. ಬೇಡ. ಅಡ್ಡದಾರಿಯ ಈ ರಂಗಗಳಲ್ಲಿ ಸಮಬಲ ಇದ್ದದ್ದೇ ಕಡಿಮೆ. ಅದೇ ಆಟವನ್ನು ಕಡೆ ಬದಲಿಸಿ ಇನ್ನೊಮ್ಮೆ ಆಡಿ, ಎರಡರ ಅಂಕ ಹೋಲಿಸಿ. ಲೈಸಾಂಡರಿನಲ್ಲಿ ನೀವು ಮೂರು ಸುತ್ತು ಬದುಕಿದಿರಿ, ಅವನು ಐದು ಸುತ್ತು ಬದುಕಿದ, ಅವನು ಗೆದ್ದ. ತಿದ್ದಲೇಬೇಕೆಂದಿದ್ದರೆ ಬೀಜದ ಸಂಖ್ಯೆ ತಿದ್ದಿ, ಸುತ್ತುಗಳ ಮಿತಿ ತಿದ್ದಿ, ವಿಮಾನವನ್ನು ಬಿಟ್ಟುಬಿಡಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ, ಅದನ್ನೂ ತಾರೀಖು ಹಾಕಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬರೆದಿಡಿ.

ಜೊತೆಗಾರರು ಸಿಗದ ಭಾನುವಾರಕ್ಕೆ ಒಂಟಿ ಆಟವೊಂದಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರುಗಳ ರಾಶಿಯಿಂದ, ಸ್ವತಂತ್ರ ಭಾರತದ ವಾಯುಪಡೆಗಾಗಿ ನಲವತ್ತರಷ್ಟನ್ನು ಎಚ್‌ಎಎಲ್ ಎಬ್ಬಿಸಿ ನಿಲ್ಲಿಸಿತು. ಅಲ್ಲೇ ಹೇಗೋ ಹಾರುವಷ್ಟು ರಿಪೇರಿ ಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದವರು ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಶಿ. ಭಾರತ ಆಮೇಲೆ ಅವುಗಳಲ್ಲೊಂದನ್ನು ಬ್ರಿಟನ್ನಿನ ಆರ್‌ಎಎಫ್ ವಸ್ತುಸಂಗ್ರಹಾಲಯಕ್ಕೇ ಕೊಟ್ಟಿತು. ಇದಕ್ಕೆ ಹಾದಿಯ ಪಟ್ಟಿ ಸಾಕು, 16 ಮನೆಯ ಅದೇ ಪಟ್ಟಿ. ಹೊರಡುವ ಮುಂಚೆಯೇ ಮೂರು ಏಟಿನ ಕಾರ್ಡು ತೆಗೆದು ತೆರೆದಿಡಿ, ಇವು ವಿಮಾನದ ಹುಟ್ಟುಕಾಯಿಲೆಗಳು. ಬೀಜ 22. ನಾಲ್ಕು ಮನೆಗೊಮ್ಮೆ ಇಳಿಯಬಹುದು. ಇಳಿದರೆ ಒಂದು ಕಾರ್ಡು ವಾಸಿ, ಆದರೆ ಮತ್ತೆ ಏಳಲು ದಾಳದಲ್ಲಿ ಮೂರಕ್ಕಿಂತ ಹೆಚ್ಚು ಬೀಳಬೇಕು, ಪ್ರತಿ ಪ್ರಯತ್ನಕ್ಕೂ ಎರಡು ಬೀಜ. ಶತ್ರುವಿನ ಕಾರ್ಡುಗಳನ್ನು ಪೆಟ್ಟಿಗೆಯಲ್ಲೇ ಬಿಡಿ.